ಸ್ಕಾಟ್ಲೆಂಡಿನ ಕನ್ನಡಿಗರಿಗೆ ಒಂದು ಬಹಿರಂಗ ಪತ್ರ: ಕೌನ್ಸಿಲ್ ಫಲಿತಾಂಶದಲ್ಲಿ ನಮ್ಮ ವೋಟು ಎಲ್ಲಿದೆ?

ಸ್ಕಾಟ್ಲೆಂಡಿನಲ್ಲಿ ನೆಲೆಸಿರುವ ಎಲ್ಲ ಕನ್ನಡಿಗರಿಗೆ ಮತ್ತು ಇಲ್ಲಿನ ಕನ್ನಡ ಸಂಘಗಳ ಪದಾಧಿಕಾರಿಗಳಿಗೆ,

ನಮಸ್ಕಾರ.

2022ರ ಮೇ 5ರಂದು ಸ್ಕಾಟ್ಲೆಂಡಿನ 32 ಕೌನ್ಸಿಲ್‌ಗಳಿಗೆ, ಅಂದರೆ ನಮ್ಮ ನಗರಪಾಲಿಕೆಯಂಥ ಸ್ಥಳೀಯ ಆಡಳಿತ ಸಂಸ್ಥೆಗಳಿಗೆ, ಚುನಾವಣೆ ನಡೆಯಿತು. ಮತದಾರರ ಪಟ್ಟಿಯಲ್ಲಿದ್ದವರಲ್ಲಿ ವೋಟು ಹಾಕಿದವರು ಶೇ. 44.8ರಷ್ಟು ಮಾತ್ರ. ಅರ್ಧಕ್ಕಿಂತ ಜಾಸ್ತಿ ಜನ ಮತಗಟ್ಟೆಯ ಕಡೆ ತಲೆಹಾಕಲಿಲ್ಲ. ಇದು ಪಟ್ಟಿಯಲ್ಲಿ ಹೆಸರಿದ್ದವರ ಮಾತಾಯಿತು. ಹೆಸರೇ ಇಲ್ಲದವರು ಈ ಲೆಕ್ಕಕ್ಕೂ ಬರುವುದಿಲ್ಲ. ನನಗೆ ಗೊತ್ತಿರುವ ಕನ್ನಡಿಗರಲ್ಲಿ ಬಹಳ ಮಂದಿ ಹೀಗೆ ಲೆಕ್ಕಕ್ಕೇ ಬಾರದವರು. ಅವರಿಗೆ ವೋಟಿನ ಹಕ್ಕು ಇತ್ತು. ಈಗಲೂ ಇದೆ. ಅದು ಇದೆ ಅಂತ ಅವರಿಗೆ ಯಾರೂ ಹೇಳಲಿಲ್ಲ. ಹೇಳಬೇಕಾದ ಕಡೆ ಹೇಳಲು ಬಿಡಲೂ ಇಲ್ಲ. ಅದಕ್ಕೇ ಈ ಪತ್ರ.

ನಾನಿರುವುದು ಗ್ಲಾಸ್ಗೋದ ದಕ್ಷಿಣ ಭಾಗದಲ್ಲಿ. ಇಲ್ಲಿ ನಮ್ಮವರು ಸಿಕ್ಕಾಗ ಕೌನ್ಸಿಲ್ ಚುನಾವಣೆಯ ಮಾತು ತೆಗೆದರೆ ಬರುವ ಉತ್ತರ ಒಂದೇ. "ನಮಗೆಲ್ಲಿ ವೋಟು? ನಾವು ವೀಸಾ ಮೇಲೆ ಇರೋರು." ಐಟಿಯವರೂ ಇದನ್ನೇ ಹೇಳುತ್ತಾರೆ, ಆಸ್ಪತ್ರೆಯಲ್ಲಿ ನರ್ಸ್ ಆಗಿರುವವರೂ ಇದನ್ನೇ ಹೇಳುತ್ತಾರೆ, ಎಂಎಸ್ಸಿಗೆ ಬಂದ ಹುಡುಗ ಹುಡುಗಿಯರೂ ಇದನ್ನೇ ಹೇಳುತ್ತಾರೆ.

ಇದು ತಪ್ಪು. ಭಾರತ ಕಾಮನ್‌ವೆಲ್ತ್ ದೇಶ. ಕಾಮನ್‌ವೆಲ್ತ್ ದೇಶದ ಪೌರರು ಇಲ್ಲಿ ಕಾನೂನುಬದ್ಧವಾಗಿ ವಾಸವಾಗಿದ್ದರೆ ಮತದಾರರ ಪಟ್ಟಿಗೆ ಸೇರಬಹುದು. ಸ್ಟೂಡೆಂಟ್ ವೀಸಾ ಆಗಲಿ, ವರ್ಕ್ ವೀಸಾ ಆಗಲಿ, ಡಿಪೆಂಡೆಂಟ್ ವೀಸಾ ಆಗಲಿ, ಕೌನ್ಸಿಲ್, ಸ್ಕಾಟಿಷ್ ಪಾರ್ಲಿಮೆಂಟ್, ವೆಸ್ಟ್‌ಮಿನ್‌ಸ್ಟರ್ (ಲಂಡನ್ನಿನ ಬ್ರಿಟಿಷ್ ಪಾರ್ಲಿಮೆಂಟ್) ಮೂರಕ್ಕೂ ವೋಟು ಹಾಕಬಹುದು. ಬ್ರಿಟಿಷ್ ಪಾಸ್‌ಪೋರ್ಟ್ ಬೇಕಿಲ್ಲ, ಪಿಆರ್ (ಶಾಶ್ವತವಾಗಿ ಇರುವ ಅನುಮತಿ) ಆಗುವ ತನಕ ಕಾಯಬೇಕಿಲ್ಲ. 2020ರಲ್ಲಿ ಸ್ಕಾಟ್ಲೆಂಡ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇಲ್ಲಿ ಕಾನೂನುಬದ್ಧವಾಗಿ ಇರುವ ಯಾವ ದೇಶದವರೇ ಆಗಲಿ, ಕೌನ್ಸಿಲ್‌ಗೆ ಮತ್ತು ಸ್ಕಾಟಿಷ್ ಪಾರ್ಲಿಮೆಂಟಿಗೆ ವೋಟು ಹಾಕಬಹುದು ಅಂತ ಕಾನೂನು ಮಾಡಿತು. ನಮಗೆ ಆ ಕಾನೂನಿನ ಅಗತ್ಯವೂ ಇರಲಿಲ್ಲ. ನಮ್ಮ ಹಕ್ಕು ಅದಕ್ಕಿಂತ ಹಳೆಯದು. ಇನ್ನೊಂದು ವಿಷಯ. ಇಲ್ಲಿ ಕೌನ್ಸಿಲ್ ಚುನಾವಣೆಗೆ 16 ತುಂಬಿದರೆ ಸಾಕು. ಹೈಸ್ಕೂಲಿನಲ್ಲಿ ಓದುವ ನಮ್ಮ ಮಕ್ಕಳಿಗೂ ವೋಟಿದೆ.

ಕೆಲವರಿಗೆ ಭಯ. ಪಟ್ಟಿಗೆ ಸೇರಿದರೆ ವೀಸಾಗೆ ತೊಂದರೆ ಆಗುತ್ತಾ, ಭಾರತದ ಪೌರತ್ವ ಹೋಗುತ್ತಾ ಅಂತ ಕೇಳುತ್ತಾರೆ. ಎರಡೂ ಆಗುವುದಿಲ್ಲ. ಕಾನೂನು ಕೊಟ್ಟ ಹಕ್ಕನ್ನು ಬಳಸಿಕೊಂಡರೆ ಯಾರಿಗೂ ಶಿಕ್ಷೆ ಇಲ್ಲ. ಬ್ಯಾಂಕಿನವರು ಸಾಲ ಕೊಡುವಾಗ, ಮೊಬೈಲ್ ಕಾಂಟ್ರಾಕ್ಟ್ ಕೊಡುವವರು ನಮ್ಮ ವಿಳಾಸ ಸರಿ ಇದೆಯಾ ಅಂತ ನೋಡುವಾಗ, ಈ ಪಟ್ಟಿಯನ್ನೂ ತೆಗೆದು ನೋಡುತ್ತಾರೆ. ಹೊಸದಾಗಿ ಬಂದವರ ಕ್ರೆಡಿಟ್ ಸ್ಕೋರಿಗೆ ಇದರಿಂದ ಅನುಕೂಲವೇ ಹೊರತು ನಷ್ಟವಿಲ್ಲ.

ಸಂಘಗಳ ಪದಾಧಿಕಾರಿಗಳೇ, ಈಗ ನಿಮ್ಮ ಹತ್ತಿರ ಒಂದು ಮಾತು. ಕಳೆದ ಕೌನ್ಸಿಲ್ ಚುನಾವಣೆಗೆ ಮುಂಚೆ, ಯುಗಾದಿ ಕಾರ್ಯಕ್ರಮದಲ್ಲಿ ಐದು ನಿಮಿಷ ಮೈಕು ಕೊಡಿ, ಹೆಸರು ನೋಂದಾಯಿಸುವುದು ಹೇಗೆ ಅಂತ ಹೇಳುತ್ತೇನೆ ಅಂತ ಒಂದು ಸಂಘವನ್ನು ಕೇಳಿಕೊಂಡೆ. ಯಾವ ಪಕ್ಷದ ಹೆಸರನ್ನೂ ಎತ್ತುವುದಿಲ್ಲ ಅಂತಲೂ ಹೇಳಿದೆ. ಬಂದ ಉತ್ತರ: "ಸಂಘದಲ್ಲಿ ರಾಜಕೀಯ ಬೇಡಮ್ಮ." ಸರಿ ಅಂತ ಸುಮ್ಮನಾದೆ. ಅದೇ ವರ್ಷ ನವೆಂಬರಿನಲ್ಲಿ ರಾಜ್ಯೋತ್ಸವಕ್ಕೆ ಹೋದರೆ ವೇದಿಕೆ ಮೇಲೆ ಒಬ್ಬರು ಕೌನ್ಸಿಲರ್ ಕೂತಿದ್ದರು. ಅವರಿಗೆ ಮೈಸೂರು ಪೇಟ, ಶಾಲು, ಹಾರ, ಫೋಟೋ ಎಲ್ಲ ಆಯಿತು. ಅವರು ಬಂದಿದ್ದು ನನಗೆ ಸಂತೋಷವೇ. ಆದರೆ ಅಲ್ಲಿ ಚಪ್ಪಾಳೆ ಹೊಡೆದವರಲ್ಲಿ ಎಷ್ಟು ಜನ ಅವರಿಗೆ ವೋಟು ಹಾಕುವ ಅಥವಾ ಹಾಕದೇ ಇರುವ ಹಕ್ಕನ್ನು ಬಳಸಿದ್ದರು? ಗೆದ್ದವರಿಗೆ ಪೇಟ ತೊಡಿಸುವುದು ರಾಜಕೀಯ ಅಲ್ಲ ಅಂತಾದರೆ, ಮತದಾರರ ಪಟ್ಟಿಗೆ ಸೇರಿ ಅಂತ ಹೇಳುವುದು ಮಾತ್ರ ಹೇಗೆ ರಾಜಕೀಯ ಆಗುತ್ತದೆ? ನಿಜವಾಗಿಯೂ ಕೇಳುತ್ತಿದ್ದೇನೆ. ನನಗೆ ಇನ್ನೂ ಇದಕ್ಕೆ ಉತ್ತರ ಸಿಕ್ಕಿಲ್ಲ.

ಕೌನ್ಸಿಲ್ ಅಂದರೆ ಕಸದ ಬಿನ್ ಮಾತ್ರ ಅಂತ ನಮ್ಮಲ್ಲಿ ಒಂದು ಅಭಿಪ್ರಾಯ ಇದೆ. ಮಕ್ಕಳ ಸರ್ಕಾರಿ ಶಾಲೆ, ನರ್ಸರಿ, ರಸ್ತೆ, ಲೈಬ್ರರಿ, ಈಜುಕೊಳ, ವಯಸ್ಸಾದವರ ಆರೈಕೆ, ಮನೆ ಕಟ್ಟಲು ಪರವಾನಗಿ ಎಲ್ಲವೂ ಕೌನ್ಸಿಲಿನ ಕೈಯಲ್ಲೇ ಇವೆ. 2023ರ ಜೂನ್ 1ರಿಂದ ಗ್ಲಾಸ್ಗೋ ನಗರದ ನಡುಭಾಗಕ್ಕೆ ಹಳೆಯ ಡೀಸೆಲ್ ಕಾರು ತಂದರೆ 60 ಪೌಂಡ್ ದಂಡ. ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಆ ದಂಡದ ಪತ್ರಗಳ ಫೋಟೋ ಎಷ್ಟು ಓಡಾಡಿದವು, ನೆನಪಿದೆಯಾ? ಆ ಯೋಜನೆಯನ್ನು ಮಾಡಿದ್ದು ಕೌನ್ಸಿಲ್, ಒಪ್ಪಿಗೆ ಕೊಟ್ಟಿದ್ದು ಸ್ಕಾಟಿಷ್ ಸರ್ಕಾರ. ಮುಂದಿನ ವರ್ಷ ಎಡಿನ್‌ಬರಾ, ಅಬರ್ಡೀನ್, ಡಂಡಿಯಲ್ಲೂ ಇದೇ ನಿಯಮ ಬಂತು. ಗಾಳಿ ಶುದ್ಧ ಆಗಬೇಕು ಅನ್ನುವುದು ನನ್ನ ಅಭಿಪ್ರಾಯ, ನಾನು ಆ ನಿಯಮದ ಪರ. ನೀವು ವಿರೋಧ ಇರಬಹುದು. ಆದರೆ ಗುಂಪಿನಲ್ಲಿ ಬೈದದ್ದು ಯಾವ ಕೌನ್ಸಿಲರ್ ಕಿವಿಗೂ ಬೀಳಲಿಲ್ಲ.

ಅಬರ್ಡೀನಿನದು ಇನ್ನೂ ನೋವಿನ ವಿಷಯ. 2022ರ ಫಲಿತಾಂಶದಲ್ಲಿ ಅಲ್ಲಿನ 45 ಸೀಟುಗಳಲ್ಲಿ ಎಸ್‌ಎನ್‌ಪಿಗೆ (ಸ್ಕಾಟಿಷ್ ನ್ಯಾಷನಲ್ ಪಾರ್ಟಿ) 20 ಬಂದವು, ಲಿಬರಲ್ ಡೆಮಾಕ್ರಾಟರಿಗೆ 4. ಇಬ್ಬರೂ ಸೇರಿ 24 ಆಯಿತು, ಆಡಳಿತ ಹಿಡಿದರು. ಮರುವರ್ಷ ಮಾರ್ಚಿನ ಬಜೆಟ್‌ನ ಕಡಿತದಲ್ಲಿ ನಗರದ 6 ಲೈಬ್ರರಿಗಳು ಮತ್ತು ಬಕ್ಸ್‌ಬರ್ನ್ ಈಜುಕೊಳ ಬಾಗಿಲು ಹಾಕಿದವು. ದುಡ್ಡಿಲ್ಲ ಅನ್ನುವುದು ಸುಳ್ಳೇನೂ ಆಗಿರಲಿಲ್ಲ. ಕೌನ್ಸಿಲ್‌ಗಳ ಹಣದಲ್ಲಿ ಹೆಚ್ಚಿನ ಪಾಲು ಸ್ಕಾಟಿಷ್ ಸರ್ಕಾರದಿಂದ ಬರಬೇಕು, ಅದು ಸಾಲುತ್ತಿಲ್ಲ ಅಂತ ಎಲ್ಲ ಪಕ್ಷದ ಕೌನ್ಸಿಲರ್‌ಗಳೂ ಹೇಳುತ್ತಾರೆ. ಆದರೆ ಇರುವ ದುಡ್ಡಿನಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಮುಚ್ಚಬೇಕು ಅನ್ನುವುದನ್ನು ಅಲ್ಲಿ ಕೂತ 45 ಜನ ತೀರ್ಮಾನ ಮಾಡಿದರು. ಆ 45 ಜನರನ್ನು ಆರಿಸುವಾಗ ಅಬರ್ಡೀನಿನ ನಮ್ಮವರು ಎಷ್ಟು ಮಂದಿ ಮತಗಟ್ಟೆಗೆ ಹೋಗಿದ್ದಿರಿ?

ಕೌನ್ಸಿಲ್ ಟ್ಯಾಕ್ಸ್ ಅಂತೂ ಬಿಡಿ, ತಿಂಗಳು ತಿಂಗಳು ಎಲ್ಲರ ಕೈಗೂ ಚುರುಕು ಮುಟ್ಟಿಸುತ್ತದೆ. 2024-25ಕ್ಕೆ ಏರಿಕೆ ಇರಲಿಲ್ಲ. 2025-26ರಲ್ಲಿ ಗ್ಲಾಸ್ಗೋ ಶೇ. 7.5, ಎಡಿನ್‌ಬರಾ ಶೇ. 8, ಫಾಲ್‌ಕರ್ಕ್ ಶೇ. 15.6 ಏರಿಸಿದವು. ಒಂದೇ ದೇಶ, ಒಂದೇ ವರ್ಷ, ಒಂದು ಕೌನ್ಸಿಲ್ ಏರಿಸಿದ್ದರ ಎರಡರಷ್ಟು ಇನ್ನೊಂದು ಏರಿಸಿದೆ. ಇದನ್ನು ಲಂಡನ್ನಿನಲ್ಲಿ ಯಾರೂ ತೀರ್ಮಾನ ಮಾಡಲಿಲ್ಲ.

ಇನ್ನು ಫಲಿತಾಂಶದ ವಿಷಯಕ್ಕೆ ಬರುತ್ತೇನೆ. "ಒಂದು ವೋಟಿನಿಂದ ಏನಾಗುತ್ತೆ" ಅನ್ನುವವರು ಇದನ್ನು ನಿಧಾನವಾಗಿ ಓದಬೇಕು.

2022ರಲ್ಲಿ ಸ್ಕಾಟ್ಲೆಂಡಿನಲ್ಲಿ ಒಟ್ಟು 1,226 ಕೌನ್ಸಿಲರ್‌ಗಳು ಆರಿಸಿ ಬಂದರು. ಎಸ್‌ಎನ್‌ಪಿ 453 ಸೀಟು ಗೆದ್ದು ಮೊದಲ ಸ್ಥಾನದಲ್ಲಿ ನಿಂತಿತು. ಲೇಬರ್ 282. ಕನ್ಸರ್ವೇಟಿವ್ 214ಕ್ಕೆ ಇಳಿದು ಮೂರನೇ ಸ್ಥಾನಕ್ಕೆ ಹೋಯಿತು. ಅದರ ಹಿಂದಿನ ಸಲ, 2017ರಲ್ಲಿ, ಅವರೇ 276 ಸೀಟಿನೊಂದಿಗೆ ಎರಡನೆಯವರಾಗಿದ್ದರು. ಲಾಕ್‌ಡೌನ್ ಸಮಯದಲ್ಲಿ ಪ್ರಧಾನಿ ಮನೆಯಲ್ಲಿ ನಡೆದ ಪಾರ್ಟಿಗಳ ಗಲಾಟೆಯ ಪೆಟ್ಟು ಇಲ್ಲಿನ ವಾರ್ಡುಗಳ ತನಕ ಬಂತು. ನಮ್ಮೂರಿನ ಗುಂಡಿ ಬಿದ್ದ ರಸ್ತೆಗೂ ಲಂಡನ್ನಿನ ಪಾರ್ಟಿಗೂ ಏನು ಸಂಬಂಧ ಅಂತ ನನಗೆ ಅನ್ನಿಸುತ್ತದೆ. ಆದರೆ ಜನ ಹಾಗೆ ವೋಟು ಹಾಕಿದರು, ಅದೂ ಅವರ ಹಕ್ಕು. ಲಿಬರಲ್ ಡೆಮಾಕ್ರಾಟರು 87, ಗ್ರೀನ್ಸ್ 35.

ಈ ಮೊತ್ತಗಳಿಗಿಂತ ಒಂದೊಂದೇ ಊರಿನ ಲೆಕ್ಕ ನೋಡಬೇಕು. ಗ್ಲಾಸ್ಗೋದಲ್ಲಿ 85 ಸೀಟು. ಎಸ್‌ಎನ್‌ಪಿ 37, ಲೇಬರ್ 36, ಗ್ರೀನ್ಸ್ 10, ಕನ್ಸರ್ವೇಟಿವ್ 2. ಇಡೀ ಸ್ಕಾಟ್ಲೆಂಡಿನ ಅತಿ ದೊಡ್ಡ ನಗರದಲ್ಲಿ ಮೊದಲ ಮತ್ತು ಎರಡನೇ ಪಕ್ಷದ ನಡುವೆ ಒಂದೇ ಒಂದು ಸೀಟಿನ ಅಂತರ. ಬಹುಮತಕ್ಕೆ 43 ಬೇಕು, ಯಾರ ಹತ್ತಿರವೂ ಇಲ್ಲ. ಎಡಿನ್‌ಬರಾದಲ್ಲಿ 63 ಸೀಟು. ಎಸ್‌ಎನ್‌ಪಿ 19, ಲೇಬರ್ 13, ಲಿಬರಲ್ ಡೆಮಾಕ್ರಾಟರು 12, ಗ್ರೀನ್ಸ್ 10, ಕನ್ಸರ್ವೇಟಿವ್ 9. ಎಲ್ಲರಿಗಿಂತ ಜಾಸ್ತಿ ಗೆದ್ದದ್ದು ಎಸ್‌ಎನ್‌ಪಿ. ಆದರೆ ಆಡಳಿತ ಹಿಡಿದದ್ದು 13 ಸೀಟಿನ ಲೇಬರ್, ಲಿಬರಲ್ ಡೆಮಾಕ್ರಾಟರ ಮತ್ತು ಕನ್ಸರ್ವೇಟಿವರ ಬೆಂಬಲದಿಂದ. ಆ ಆಗಸ್ಟಿನಲ್ಲೇ ಎಡಿನ್‌ಬರಾದ ಕಸದ ನೌಕರರು ಸಂಬಳಕ್ಕಾಗಿ ಮುಷ್ಕರ ಹೂಡಿದರು. ಪ್ರಪಂಚದ ಜನ ಅಲ್ಲಿನ ಕಲಾ ಉತ್ಸವಕ್ಕೆ ಬಂದಿದ್ದಾಗ ಪ್ರಿನ್ಸೆಸ್ ಸ್ಟ್ರೀಟಿನ ಬಿನ್‌ಗಳು ತುಂಬಿ ತುಳುಕುತ್ತಿದ್ದವು. ಹೊಸ ಕೌನ್ಸಿಲಿಗೆ ಅದೇ ಮೊದಲ ದೊಡ್ಡ ಪರೀಕ್ಷೆ ಆಯಿತು.

ಒಂದೇ ಪಕ್ಷ ಸ್ವಂತ ಬಲದ ಮೇಲೆ ಬಹುಮತ ಪಡೆದ ಜಾಗಗಳು ಎರಡೇ. ಡಂಡಿಯಲ್ಲಿ ಎಸ್‌ಎನ್‌ಪಿ, 29ಕ್ಕೆ 15. ವೆಸ್ಟ್ ಡನ್‌ಬಾರ್ಟನ್‌ಶೈರಿನಲ್ಲಿ ಲೇಬರ್, 22ಕ್ಕೆ 12. ಎರಡೂ ಕಡೆ ಒಂದು ಸೀಟು ಆಚೀಚೆ ಆಗಿದ್ದರೆ ಬಹುಮತ ಕೈತಪ್ಪುತ್ತಿತ್ತು. ಇಂಥ ಕಡೆಯೂ ನಮ್ಮ ವೋಟಿಗೆ ಬೆಲೆ ಇಲ್ಲ ಅಂತೀರಾ?

ಇಲ್ಲಿನ ಮತಪತ್ರ ನೋಡಿ ಕೆಲವರು ಗಾಬರಿ ಆಗುತ್ತಾರೆ. ಉದ್ದನೆಯ ಹಾಳೆ. ಎಡಕ್ಕೆ ಅಭ್ಯರ್ಥಿಗಳ ಹೆಸರು, ಪಕ್ಕದಲ್ಲಿ ಪಕ್ಷದ ಗುರುತು, ಬಲಕ್ಕೆ ಖಾಲಿ ಚೌಕ. ಅಲ್ಲಿ ಮುದ್ರೆ ಒತ್ತುವಂತಿಲ್ಲ, ಅಂಕಿ ಬರೆಯಬೇಕು. ಮೊದಲ ಆಯ್ಕೆಗೆ 1, ಎರಡನೆಯದಕ್ಕೆ 2, ಹೀಗೆ. ಇದು ನಮಗೆ ಹೊಸದೇನಲ್ಲ. ಕರ್ನಾಟಕದಲ್ಲಿ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರ, ಶಿಕ್ಷಕರ ಕ್ಷೇತ್ರಕ್ಕೆ ವೋಟು ಹಾಕಿದವರು ಕೈಯಾರೆ ಇದನ್ನು ಮಾಡಿದ್ದೀರಿ. ಅದೇ ಪ್ರಾಶಸ್ತ್ಯದ ಮತ. ಅಲ್ಲಿ ಸಾಮಾನ್ಯವಾಗಿ ಒಬ್ಬರನ್ನು ಆರಿಸುತ್ತೇವೆ, ಇಲ್ಲಿ ಹೆಚ್ಚಿನ ವಾರ್ಡುಗಳಲ್ಲಿ ಮೂರೋ ನಾಲ್ಕೋ ಜನರನ್ನು ಒಟ್ಟಿಗೆ ಆರಿಸುತ್ತೇವೆ. ವ್ಯತ್ಯಾಸ ಅಷ್ಟೇ.

ಲೆಕ್ಕ ಹೀಗೆ. ಒಂದು ವಾರ್ಡಿನಲ್ಲಿ ಮೂರು ಸೀಟು, 8,000 ಸಿಂಧು ಮತ ಅಂತ ಇಟ್ಟುಕೊಳ್ಳಿ. ಸೀಟಿನ ಸಂಖ್ಯೆಗೆ ಒಂದು ಸೇರಿಸಿ, ಅಂದರೆ 4ರಿಂದ ಭಾಗಿಸಿ, ಬಂದದ್ದಕ್ಕೆ ಒಂದು ಸೇರಿಸಬೇಕು. 2,001 ಆಯಿತು. ಇಷ್ಟು ಮತ ಮುಟ್ಟಿದವರು ಗೆದ್ದರು. ಒಬ್ಬರಿಗೆ ಮೊದಲ ಸುತ್ತಿನಲ್ಲೇ 2,401 ಬಂತು ಅನ್ನಿ. ಅವರಿಗೆ ಬೇಕಾದ್ದಕ್ಕಿಂತ 400 ಜಾಸ್ತಿ ಇದೆ. ಆ 400 ವ್ಯರ್ಥ ಆಗುವುದಿಲ್ಲ. ಅವರಿಗೆ ಬಿದ್ದ ಎಲ್ಲ ಮತಪತ್ರಗಳೂ, ಒಂದೊಂದೂ ಸುಮಾರು ಆರನೇ ಒಂದು ಭಾಗದ ಬೆಲೆಯಲ್ಲಿ, ಅದರಲ್ಲಿ ಬರೆದ ಎರಡನೇ ಆಯ್ಕೆಗೆ ಹೋಗುತ್ತವೆ. ಯಾರೂ 2,001 ಮುಟ್ಟದಿದ್ದಾಗ ಕೊನೆಯಲ್ಲಿರುವವರನ್ನು ತೆಗೆದುಹಾಕಿ ಅವರ ಮತಗಳನ್ನು ಮುಂದಿನ ಆಯ್ಕೆಗಳಿಗೆ ಹಂಚುತ್ತಾರೆ. ಹೀಗೆ ಸುತ್ತು ಸುತ್ತಾಗಿ ನಡೆಯುತ್ತದೆ. ಅಂಕಿಗಳನ್ನು ಕೈಯಲ್ಲಿ ಮಾಡಿದರೆ ತಲೆ ಕೆಡುತ್ತದೆ, ಅದಕ್ಕೇ ಮತಪತ್ರ ಸ್ಕ್ಯಾನ್ ಮಾಡಿ ಯಂತ್ರದಲ್ಲಿ ಎಣಿಸುತ್ತಾರೆ. ಫಲಿತಾಂಶ ಮರುದಿನ ಬರುತ್ತದೆ.

ಕೌನ್ಸಿಲ್‌ಗಳು ವಾರ್ಡುವಾರು ಫಲಿತಾಂಶವನ್ನು ಪ್ರಕಟಿಸುವಾಗ ಈ ಸುತ್ತುಗಳನ್ನೆಲ್ಲ ಒಂದು ಕೋಷ್ಟಕದಲ್ಲಿ ಕೊಡುತ್ತವೆ. ದಯವಿಟ್ಟು ನಿಮ್ಮ ವಾರ್ಡಿನದನ್ನು ತೆಗೆದು ಒಂದು ಸಲ ನೋಡಿ. ಮೊದಲ ಇಬ್ಬರು ಬೇಗ ಗೆದ್ದಿರುತ್ತಾರೆ. ಕೊನೆಯ ಸೀಟಿಗೆ ಬಂದಾಗ ಸುತ್ತಿನ ಮೇಲೆ ಸುತ್ತು ಹೋಗಿರುತ್ತದೆ. ಅಲ್ಲಿ ಯಾರೋ ಸುಮ್ನೆ ಬರೆದ ಮೂರನೇ, ನಾಲ್ಕನೇ ಅಂಕಿಗಳೇ ಒಬ್ಬರನ್ನು ಕೌನ್ಸಿಲರ್ ಮಾಡಿರುತ್ತವೆ. ಒಂದು ಸೀಟಿನಿಂದ ನಗರದ ಆಡಳಿತವೇ ಬದಲಾಗುವ ಊರಿನಲ್ಲಿ ಆ ಅಂಕಿಗಳು ಸಣ್ಣವಲ್ಲ. ಆದ್ದರಿಂದ 1 ಬರೆದು ಎದ್ದು ಬರಬೇಡಿ. ಇಷ್ಟ ಇರುವಷ್ಟು ದೂರ ಅಂಕಿ ಹಾಕಿ. ನಿಮ್ಮ ಎರಡನೇ ಆಯ್ಕೆಯಿಂದ ಮೊದಲ ಆಯ್ಕೆಯವರಿಗೆ ಯಾವ ನಷ್ಟವೂ ಇಲ್ಲ.

ಈ ಪದ್ಧತಿ ಬಂದದ್ದು 2007ರಲ್ಲಿ. ಅದಕ್ಕೆ ಮುಂಚೆ ನಮ್ಮ ವಿಧಾನಸಭೆ ಚುನಾವಣೆಯ ಹಾಗೇ ಇತ್ತು, ಜಾಸ್ತಿ ಮತ ಬಂದವರು ಗೆದ್ದರು, ಉಳಿದವರಿಗೆ ಬಿದ್ದ ಮತ ಲೆಕ್ಕಕ್ಕಿಲ್ಲ. 2003ರಲ್ಲಿ ಗ್ಲಾಸ್ಗೋದಲ್ಲಿ ಲೇಬರ್ ಪಕ್ಷಕ್ಕೆ ಬಿದ್ದದ್ದು ಅರ್ಧಕ್ಕಿಂತ ಕಡಿಮೆ ಮತ. ಸಿಕ್ಕಿದ್ದು 79ರಲ್ಲಿ 71 ಸೀಟು. ಊರಿನ ಅರ್ಧ ಜನರಿಗೆ ಕೌನ್ಸಿಲಿನಲ್ಲಿ ದನಿಯೇ ಇರಲಿಲ್ಲ. ಪದ್ಧತಿ ಬದಲಾದ ಮೇಲೆ ಅದೇ ಪಕ್ಷ 45ಕ್ಕೆ ಬಂತು. ಸಣ್ಣ ಗುಂಪಿನವರ ವೋಟಿಗೂ ಬೆಲೆ ಇರಲಿ ಅಂತಲೇ ಈ ಏರ್ಪಾಡು. ನಮ್ಮಂಥ ಸಣ್ಣ ಸಮುದಾಯಕ್ಕೆ ಇದಕ್ಕಿಂತ ಅನುಕೂಲದ ಪದ್ಧತಿ ಇನ್ನೊಂದಿಲ್ಲ. ಅದನ್ನೇ ನಾವು ಬಳಸುತ್ತಿಲ್ಲ.

ವೋಟು ಹಾಕಿದವರಲ್ಲೂ ಕೆಲವರ ಮತ ಹಾಳಾಗುತ್ತದೆ. 2022ರಲ್ಲಿ ನೂರರಲ್ಲಿ ಹತ್ತಿರ ಹತ್ತಿರ ಎರಡು ಮತಪತ್ರಗಳು ಅಸಿಂಧು ಆದವು. ಮುಖ್ಯ ಕಾರಣ, ಒಂದಕ್ಕಿಂತ ಹೆಚ್ಚು ಹೆಸರಿನ ಮುಂದೆ 1 ಅಂತಲೋ, ಕ್ರಾಸ್ ಗುರುತೋ ಹಾಕಿದ್ದು. ನನಗೆ ಗೊತ್ತಿರುವ ಒಬ್ಬ ಹಿರಿಯರು, ಮಗನ ಮನೆಗೆ ಬಂದು ಇಲ್ಲೇ ನೆಲೆಸಿದವರು, ಬಹಳ ಆಸೆಯಿಂದ ವೋಟು ಹಾಕಲು ಹೋದರು. ಮೂರು ಜನ ಗೆಲ್ಲುತ್ತಾರೆ ಅಂತ ಯಾರೋ ಹೇಳಿದ್ದರು. ಮೂರು ಹೆಸರಿನ ಮುಂದೆ ಮೂರು ಕ್ರಾಸ್ ಹಾಕಿ ಬಂದರು. ಮನೆಗೆ ಬಂದು ಹೇಳಿದಾಗಲೇ ನಮಗೆ ಗೊತ್ತಾದದ್ದು. ಅವರ ಮುಖ ಸಪ್ಪಗಾಯಿತು. ಎರಡು ನಿಮಿಷ ಕೂತು ಕನ್ನಡದಲ್ಲಿ ಹೇಳಿಕೊಡುವವರು ಇದ್ದಿದ್ದರೆ ಅವರ ವೋಟು ಉಳಿಯುತ್ತಿತ್ತು. ನಾನು ಕೇಳಿದ ಐದು ನಿಮಿಷದ ಮೈಕು ಇಂಥವರಿಗಾಗಿ.

ಇನ್ನೊಂದು ಎಚ್ಚರಿಕೆ. ಮತಪತ್ರದಲ್ಲಿ ಹೆಸರುಗಳು ಸರ್‌ನೇಮಿನ ಇಂಗ್ಲಿಷ್ ಅಕ್ಷರಮಾಲೆಯ ಪ್ರಕಾರ ಇರುತ್ತವೆ. ಒಂದೇ ಪಕ್ಷದ ಇಬ್ಬರು ನಿಂತಿದ್ದರೆ, ಮೇಲಿರುವ ಹೆಸರಿಗೆ ಜನ 1 ಹಾಕಿ, ಕೆಳಗಿನವರಿಗೆ 2 ಹಾಕುವುದು ಜಾಸ್ತಿ. ಇದನ್ನು ಅಧ್ಯಯನ ಮಾಡಿದವರು ಚುನಾವಣೆಯಿಂದ ಚುನಾವಣೆಗೆ ತೋರಿಸಿಕೊಂಡು ಬಂದಿದ್ದಾರೆ. ಪಟ್ಟಿಯ ಕೆಳಗಿದ್ದಾರೆ ಅನ್ನುವ ಒಂದೇ ಕಾರಣಕ್ಕೆ ಒಳ್ಳೆಯ ಕೌನ್ಸಿಲರ್ ಸೋಲುವುದು ಅನ್ಯಾಯ. ಈ ಕ್ರಮ ಬದಲಾಗಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ. ಬದಲಾಗುವ ತನಕ, ಮನೆಯಲ್ಲೇ ಕರಪತ್ರ ಓದಿ ಯಾರಿಗೆ ಯಾವ ಅಂಕಿ ಅಂತ ತೀರ್ಮಾನ ಮಾಡಿಕೊಂಡು ಹೋಗಿ.

ಬೇಸರದ ಇನ್ನೊಂದು ಸಂಗತಿ ಇದೆ. ಅದೇ 2022ರಲ್ಲಿ 8 ವಾರ್ಡುಗಳಲ್ಲಿ ಚುನಾವಣೆಯೇ ನಡೆಯಲಿಲ್ಲ. ಸೀಟಿಗಿಂತ ಜಾಸ್ತಿ ಅಭ್ಯರ್ಥಿಗಳು ಇರಲಿಲ್ಲ. 18 ಜನ ಅವಿರೋಧವಾಗಿ ಆಯ್ಕೆಯಾದರು. ಅವರ ವಾರ್ಡಿನ ಜನರಿಗೆ ಬೇಕು ಬೇಡ ಅನ್ನುವ ಅವಕಾಶವೇ ಇರಲಿಲ್ಲ. ನಮ್ಮ ಕಡೆ ಪಂಚಾಯಿತಿಯಲ್ಲಿ ಅವಿರೋಧ ಆಯ್ಕೆ ಅಂದರೆ ಊರಿನ ಒಗ್ಗಟ್ಟು ಅಂತ ಹೆಮ್ಮೆ ಪಡುವವರಿದ್ದಾರೆ. ಇಲ್ಲಿ ಅದಕ್ಕೆ ಕಾರಣ, ನಿಲ್ಲುವವರೇ ಇಲ್ಲ ಅನ್ನುವುದು. ವೆಸ್ಟರ್ನ್ ಐಲ್ಸ್ ದ್ವೀಪಗಳ ಕೌನ್ಸಿಲಿಗೆ 2017ರಲ್ಲಿ ಒಬ್ಬ ಮಹಿಳೆಯೂ ಆರಿಸಿ ಬಂದಿರಲಿಲ್ಲ. ನಿಲ್ಲುವವರು ಬೇಕು. ಕೌನ್ಸಿಲ್ ಚುನಾವಣೆಗೆ ಇಲ್ಲಿ ಠೇವಣಿ ಕಟ್ಟಬೇಕಿಲ್ಲ. ಬ್ರಿಟಿಷ್ ಪೌರರಾದವರು, ಇಲ್ಲಿ ಕಾನೂನುಬದ್ಧವಾಗಿ ಇರಲು ಅನುಮತಿ ಇರುವವರು, 18 ದಾಟಿದ್ದರೆ ನಿಲ್ಲಬಹುದು. ಶಾಲೆಯ ಪೇರೆಂಟ್ ಕೌನ್ಸಿಲಿನಲ್ಲಿ, ಬೀದಿಯ ಸಮಿತಿಗಳಲ್ಲಿ ವರ್ಷಾನುಗಟ್ಟಲೆ ದುಡಿಯುವ ನಮ್ಮ ಹೆಣ್ಣುಮಕ್ಕಳನ್ನು ನಾನು ನೋಡಿದ್ದೇನೆ. ಸಭೆ ನಡೆಸುವುದು, ಲೆಕ್ಕ ಇಡುವುದು, ಅಧಿಕಾರಿಗಳ ಜೊತೆ ಪಟ್ಟು ಹಿಡಿದು ಕೆಲಸ ಮಾಡಿಸುವುದು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅವರ ಹತ್ತಿರ "ನೀವು ನಿಲ್ಲಿ" ಅಂತ ಯಾರಾದರೂ ಒಂದು ಮಾತು ಹೇಳಿದ್ದೀರಾ?

ಬೆಂಗಳೂರಿನಿಂದ ಬಂದವರಿಗೆ ಇದನ್ನು ಒತ್ತಿ ಹೇಳಬೇಕು. ಬಿಬಿಎಂಪಿಗೆ ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟಿನಲ್ಲಿ. ಆ ಕಾರ್ಪೊರೇಟರ್‌ಗಳ ಅವಧಿ 2020ರ ಸೆಪ್ಟೆಂಬರಿಗೆ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಅಧಿಕಾರಿಗಳ ಆಡಳಿತ. ಮೋರಿ ಕಟ್ಟಿಕೊಂಡರೆ ಯಾರ ಮನೆ ಬಾಗಿಲಿಗೆ ಹೋಗಬೇಕು ಅಂತ ಗೊತ್ತಿಲ್ಲದೆ ಅಲ್ಲಿನ ನಮ್ಮ ಅಪ್ಪ ಅಮ್ಮ ಒದ್ದಾಡಿದ್ದಾರೆ. ಆರಿಸಿದ ಪ್ರತಿನಿಧಿ ಇಲ್ಲದೇ ಹೋದರೆ ಊರು ಏನಾಗುತ್ತದೆ ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಇಲ್ಲಿಂದ ಅಲ್ಲಿಗೆ ವೋಟು ಹಾಕಬೇಕು ಅಂದರೆ ಅನಿವಾಸಿ ಮತದಾರರಾಗಿ ನೋಂದಾಯಿಸಿ, ವಿಮಾನ ಹತ್ತಿ, ಸ್ವತಃ ಮತಗಟ್ಟೆಗೆ ಹೋಗಬೇಕು. ಬೇರೆ ದೇಶದ ಪೌರರಾಗಿ ಒಸಿಐ ಕಾರ್ಡ್ ಪಡೆದವರಿಗೆ ಅಲ್ಲಿ ವೋಟೇ ಇಲ್ಲ. ಅಲ್ಲೂ ಹಾಕದೆ ಇಲ್ಲೂ ಹಾಕದೆ ನಾವು ಹತ್ತು ವರ್ಷ, ಹದಿನೈದು ವರ್ಷ ಕಳೆದುಬಿಡುತ್ತಿದ್ದೇವೆ. ಟ್ಯಾಕ್ಸ್ ಮಾತ್ರ ಒಂದು ತಿಂಗಳೂ ತಪ್ಪಿಸಿಲ್ಲ.

ಮುಂದಿನ ಕೌನ್ಸಿಲ್ ಚುನಾವಣೆ 2027ರ ಮೇ 6, ಗುರುವಾರ. ಅದಕ್ಕೆ ಮುಂಚೆ ನಿಮ್ಮೆಲ್ಲರಲ್ಲಿ ನನ್ನ ಕೋರಿಕೆ ಇಷ್ಟು.

ಮೊದಲು ಹೆಸರು ನೋಂದಾಯಿಸಿ. ಆನ್‌ಲೈನಿನಲ್ಲಿ ಕೆಲವೇ ನಿಮಿಷದ ಕೆಲಸ. ನ್ಯಾಷನಲ್ ಇನ್ಶೂರೆನ್ಸ್ ನಂಬರ್ ಕೇಳುತ್ತಾರೆ. ಅದು ಇನ್ನೂ ಬಂದಿಲ್ಲದಿದ್ದರೂ ಅರ್ಜಿ ಹಾಕಬಹುದು, ಬೇರೆ ದಾಖಲೆ ಕೇಳಿ ಪರಿಶೀಲಿಸುತ್ತಾರೆ. ಬಾಡಿಗೆ ಮನೆಯಲ್ಲಿರುವವರು ಒಂದು ವಿಷಯ ಮರೆಯಬಾರದು. ಮನೆ ಬದಲಾಯಿಸಿದ ಪ್ರತಿ ಸಲವೂ ಹೊಸದಾಗಿ ನೋಂದಾಯಿಸಬೇಕು. ಹಳೆಯ ಫ್ಲಾಟಿನ ವಿಳಾಸದಲ್ಲಿ ಹೆಸರಿದೆ, ತಾನಾಗಿಯೇ ಇಲ್ಲಿಗೆ ಬರುತ್ತದೆ ಅಂದುಕೊಂಡು ವೋಟು ಕಳೆದುಕೊಂಡವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಚುನಾವಣೆಗೆ ಸುಮಾರು ಎರಡೂವರೆ ವಾರ ಮೊದಲೇ ನೋಂದಣಿ ಮುಗಿಯುತ್ತದೆ, ಕೊನೆ ಗಳಿಗೆಗೆ ಇಟ್ಟುಕೊಳ್ಳಬೇಡಿ. ನೈಟ್ ಶಿಫ್ಟ್ ಮಾಡುವವರು, ಆ ಸಮಯದಲ್ಲಿ ಊರಿಗೆ ಹೋಗುವವರು ಅಂಚೆ ಮತಕ್ಕೆ ಅರ್ಜಿ ಹಾಕಿ. ಮತಗಟ್ಟೆ ಬೆಳಿಗ್ಗೆ 7ರಿಂದ ರಾತ್ರಿ 10ರ ತನಕ ತೆರೆದಿರುತ್ತದೆ. 2024ರ ವೆಸ್ಟ್‌ಮಿನ್‌ಸ್ಟರ್ ಚುನಾವಣೆಯಲ್ಲಿ ಫೋಟೋ ಐಡಿ ಕೇಳಿದ್ದರು, ಆ ನಿಯಮ ಕೌನ್ಸಿಲ್ ಚುನಾವಣೆಗೆ ಇಲ್ಲ. ಐಡಿ ಮರೆತೆ ಅಂತ ಬಾಗಿಲಿನಿಂದ ವಾಪಸ್ ಬರಬೇಡಿ.

ಎರಡನೆಯದಾಗಿ, ನಿಮ್ಮ ವಾರ್ಡಿನ ಕೌನ್ಸಿಲರ್‌ಗಳು ಯಾರು ಅಂತ ಈಗಲೇ ತಿಳಿದುಕೊಳ್ಳಿ. ಮೂವರೋ ನಾಲ್ವರೋ ಇರುತ್ತಾರೆ, ಹೆಚ್ಚಿನ ಕಡೆ ಬೇರೆ ಬೇರೆ ಪಕ್ಷದವರು. ಒಬ್ಬರು ಉತ್ತರ ಕೊಡದಿದ್ದರೆ ಇನ್ನೊಬ್ಬರಿಗೆ ಬರೆಯಬಹುದು. ಮಗುವಿಗೆ ಮನೆ ಹತ್ತಿರದ ಶಾಲೆಯಲ್ಲಿ ಸೀಟು ಸಿಗದಿದ್ದಾಗ ವಾಟ್ಸಾಪಿನಲ್ಲಿ ಬರೆಯುವುದರ ಜೊತೆಗೆ ಅವರಿಗೂ ಒಂದು ಇಮೇಲ್ ಹಾಕಿ.

ಸಂಘಗಳ ಪದಾಧಿಕಾರಿಗಳಿಗೆ ನನ್ನ ಕೋರಿಕೆ ಬೇರೆ. 2027ರ ಯುಗಾದಿ ಏಪ್ರಿಲ್ ಮೊದಲ ವಾರ ಬರುತ್ತದೆ. ನೋಂದಣಿಯ ಗಡುವಿಗೆ ಆಗ ಇನ್ನೂ ಸಮಯ ಇರುತ್ತದೆ. ಆ ಕಾರ್ಯಕ್ರಮದಲ್ಲಿ ಊಟದ ಹಾಲಿನ ಬಾಗಿಲ ಬಳಿ ಒಂದು ಮೇಜು ಹಾಕಿ. ಒಂದು ಲ್ಯಾಪ್‌ಟಾಪ್, ನೋಂದಣಿ ಮಾಡಿಕೊಡಲು ಇಬ್ಬರು ಹುಡುಗರು, ಅಂಕಿ ಹಾಕುವುದು ಹೇಗೆ ಅಂತ ತೋರಿಸಲು ಒಂದು ಮಾದರಿ ಮತಪತ್ರ, ಕನ್ನಡದಲ್ಲಿ. ಅದನ್ನು ನಾನೇ ಬರೆದು, ಅಚ್ಚು ಹಾಕಿಸಿ ಕೊಡುತ್ತೇನೆ. ಯಾವ ಪಕ್ಷದ ಬಣ್ಣವೂ ಅದರ ಮೇಲೆ ಇರುವುದಿಲ್ಲ, ನೀವೇ ಮೊದಲು ಓದಿ ನೋಡಿ. ಆಮೇಲೆ ಸಾಧ್ಯವಾದರೆ, ನಮ್ಮವರು ಜಾಸ್ತಿ ಇರುವ ವಾರ್ಡುಗಳ ಎಲ್ಲ ಪಕ್ಷದ ಅಭ್ಯರ್ಥಿಗಳನ್ನೂ ಒಂದೇ ವೇದಿಕೆಗೆ ಕರೆಯಿರಿ. ಗೆದ್ದ ಮೇಲೆ ಕರೆಯುವ ಬದಲು ಮೊದಲೇ ಕರೆಯಿರಿ. ಜನ ಪ್ರಶ್ನೆ ಕೇಳಲಿ. ಲೈಬ್ರರಿ ಉಳಿಸುತ್ತೀರಾ, ಟ್ಯಾಕ್ಸ್ ಎಷ್ಟು ಏರಿಸುತ್ತೀರಿ, ನಮ್ಮ ರಸ್ತೆಯ ಗುಂಡಿ ಯಾವಾಗ ಮುಚ್ಚುತ್ತೀರಿ ಅಂತ ಕೇಳಲಿ.

ಈ ಬಗ್ಗೆ ನಿಮ್ಮ ಕಾರ್ಯಕಾರಿ ಸಮಿತಿಯ ಮುಂದಿನ ಸಭೆಯಲ್ಲಿ ಮಾತಾಡಿ, ಒಪ್ಪಿಗೆಯೋ ಇಲ್ಲವೋ ಅಂತ ಸದಸ್ಯರೆಲ್ಲರಿಗೂ ತಿಳಿಯುವ ಹಾಗೆ ಉತ್ತರ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ಬೇಡ ಅನ್ನುವುದಾದರೆ ಕಾರಣವನ್ನೂ ಬರೆಯಿರಿ.

ಇಂತಿ,
ಗ್ಲಾಸ್ಗೋದ ಒಬ್ಬ ಕನ್ನಡತಿ